ಮೈಕಿನ ಹಸಿರು ದೀಪ

ಮೈಕಿನ ತಲೆಯ ಜಾಲರಿಯನ್ನು ತಿರುಗಿಸಿ ತೆಗೆದರೆ ಒಳಗೊಂದು ಕರಿಯ ಸ್ಪಂಜು ಇರುತ್ತದೆ ಎಂಬುದು ನಳಿನಾಕ್ಷಿಗೆ ಗೊತ್ತಿತ್ತು. ಆ ಸ್ಪಂಜಿನಲ್ಲಿ ಮಗಳ ಬಾಯಿಯ ವಾಸನೆ ಇಷ್ಟು ಕಾಲ ಉಳಿದಿರುತ್ತದೆ ಎಂಬುದು ಗೊತ್ತಿರಲಿಲ್ಲ. ಮೊದಲು ಲವಂಗ. ಅದರ ಹಿಂದೆಯೇ ತುಟಿಬಣ್ಣದ ಮೇಣದಂಥ ವಾಸನೆ. ಅವಳು ಮೂಗಿನ ಹತ್ತಿರ ಹಿಡಿದಿದ್ದ ಸ್ಪಂಜನ್ನು ಯಾರೋ ನೋಡಿದಂತಾಗಿ ತಟ್ಟನೆ ಕೆಳಗಿಟ್ಟಳು. ಯಾರೂ ನೋಡಿರಲಿಲ್ಲ. ಮಗಳು ಅಶ್ಮಿತಾ ಕೋಣೆಯೊಳಗಿದ್ದಳು, ಬಾಗಿಲು ಮುಚ್ಚಿತ್ತು. ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ ಈಗಷ್ಟೇ ಗುಳುಗುಳು ಎನ್ನಲು ಶುರುವಾಗಿತ್ತು. ಬಿಕರ್ನಕಟ್ಟೆಯ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಯಾರನ್ನೋ ಕೂಗಿ ಕರೆಯುತ್ತಿದ್ದ. ಎಷ್ಟು ಸುಲಭದಲ್ಲಿ ಜನ ಕೂಗುತ್ತಾರೆ ಎಂದು ಅವಳಿಗೆ ಅನಿಸಿತು. ಒಂದು ಬಸ್ಸಿಗೋಸ್ಕರ, ಒಂದು ಸೀಟಿಗೋಸ್ಕರ.

ಬೆಳಿಗ್ಗೆ ಚಹಾ ಕುಡಿಯುವಾಗ ಅಶ್ಮಿತಾ ಮೊಬೈಲನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದ್ದಳು. ಮದುವೆಗಳಲ್ಲಿ ಅಶ್ಮಿತಾ ನಿರೂಪಣೆ ಮಾಡುವಾಗ ಮೈಕು, ಸ್ಪೀಕರಿನ ಸೌಂಡ್ಸ್ ಹಾಕುತ್ತಿದ್ದ ಮೆಲ್ವಿನ್‌ಗೆ ಅವಳು ರಾತ್ರಿಯೇ ಕಳಿಸಿದ್ದ ಮೆಸೇಜು. ಮೈಕ್ ಸೆಟ್ ತೆಗೆದುಕೊಂಡು ಹೋಗು, ನನ್ನ ಬದಲಿಗೆ ಬರುವ ಮಾನ್ಯಾ ಉಪಯೋಗಿಸಲಿ, ನನಗೆ ಇನ್ನು ಬೇಡ. ಅದರ ಕೆಳಗೆ ಮೆಲ್ವಿನ್‌ನ ಉತ್ತರ, ಇವತ್ತು ಸಂಜೆ ಸುರತ್ಕಲ್‌ನಲ್ಲಿ ಒಂದು ಮೆಹೆಂದಿ ಉಂಟು, ಮಧ್ಯಾಹ್ನದ ಒಳಗೆ ಬರ್ತೇನೆ. ನಳಿನಾಕ್ಷಿ ಅದನ್ನು ಓದಿ, ಓದದವಳಂತೆ ಮತ್ತೊಮ್ಮೆ ಓದಿ, ಕೊಡುವುದಾದರೆ ಕ್ಲೀನ್ ಮಾಡಿ ಕೊಡಬೇಕಲ್ಲ ಎಂದಷ್ಟೇ ಹೇಳಿದಳು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. ಕ್ಲೀನ್ ಮಾಡುವಷ್ಟು ಹೊತ್ತಾದರೂ ಮೈಕು ಈ ಮನೆಯಲ್ಲಿ ಇರುತ್ತದೆ ಎಂಬ ಲೆಕ್ಕಾಚಾರ ಅದರೊಳಗೆ ಇತ್ತು ಎಂಬುದು ಅವಳಿಗೆ ಪಾತ್ರೆ ತೊಳೆಯುವಾಗ ಹೊಳೆಯಿತು. ಹೊಳೆದು ನಾಚಿಕೆಯಾಯಿತು.

ಸೋಮವಾರ ಅತ್ತಾವರದ ಆಸ್ಪತ್ರೆಯಲ್ಲಿ ಡಾಕ್ಟರು ಮಗಳ ಗಂಟಲೊಳಗೆ ಸಣ್ಣ ಕ್ಯಾಮರಾ ಇಳಿಸಿ ನೋಡಿ, ಪರದೆಯನ್ನು ಇಬ್ಬರಿಗೂ ಕಾಣುವಂತೆ ತಿರುಗಿಸಿದ್ದರು. ಸ್ವರ ಹೊರಡಿಸುವ ಎರಡು ಬಿಳಿಯ ಪಟ್ಟಿಗಳು. ಒಂದು ಚೂರು ಅಲುಗುತ್ತಿತ್ತು, ಇನ್ನೊಂದು ಅಲುಗುತ್ತಲೇ ಇರಲಿಲ್ಲ. ಥೈರಾಯ್ಡಿನ ಗಂಟು ಸ್ವರದ ನರವನ್ನು ಸುತ್ತಿಕೊಂಡು ಬೆಳೆದಿದೆ, ಗಂಟು ತೆಗೆಯುವಾಗ ನರ ಉಳಿಯುತ್ತದೆ ಎಂದು ಹೇಳಲಾರೆ ಎಂದು ಅವರು ಆಪರೇಷನ್‌ಗೆ ಮೊದಲೇ ಹೇಳಿದ್ದರು. ಯಾರ ಮೇಲೆಯೂ ಸಿಟ್ಟು ಮಾಡುವಂತಿರಲಿಲ್ಲ. ಸಿಟ್ಟಿಗೊಬ್ಬ ಮನುಷ್ಯ ಸಿಕ್ಕಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿದ್ದುಂಟು. ಇನ್ನು ಸ್ವರ ಇದಕ್ಕಿಂತ ಹೆಚ್ಚು ಬರಲಿಕ್ಕಿಲ್ಲಮ್ಮ ಎಂದು ಡಾಕ್ಟರು ಹೇಳಿದಾಗ ಅಶ್ಮಿತಾ ತಲೆಯಾಡಿಸಿ, ಉಸಿರಿನಲ್ಲಿ ಥ್ಯಾಂಕ್ಸ್ ಎಂದಳು. ಆಗ ಡಾಕ್ಟರು, ಪಾಪ, ಅವರೂ ಪಿಸುದನಿಯಲ್ಲಿ ವೆಲ್ಕಂ ಎಂದರು.

ಎಲ್ಲರೂ ಹಾಗೆಯೇ. ಪಿಸುಗುಡುವವರ ಹತ್ತಿರ ಜನ ಪಿಸುಗುಟ್ಟಿಯೇ ಮಾತಾಡುತ್ತಾರೆ. ಮೀನಿನ ಹೆಂಗಸು, ಅಷ್ಟು ದೊಡ್ಡ ಬಾಯಿಯವಳು, ಅಶ್ಮಿತಾ ಬಂಗುಡೆಗೆ ಎಷ್ಟು ಎಂದು ಉಸಿರಿನಲ್ಲಿ ಕೇಳಿದ ದಿನ ಬುಟ್ಟಿಯ ಮೇಲೆ ಬಾಗಿ, ಏನೋ ಗುಟ್ಟು ಹೇಳುವವಳಂತೆ ಕ್ರಯ ಹೇಳಿದ್ದಳು. ಆ ದಿನ ಮನೆಗೆ ಬಂದು ತಾಯಿ ಮಗಳು ಇಬ್ಬರೂ ನಕ್ಕಿದ್ದರು. ಮಗಳ ನಗುವಿಗೆ ಸದ್ದಿಲ್ಲ ಎಂಬುದು ಆವತ್ತು ನಗುತ್ತಿರುವಾಗಲೇ ನಳಿನಾಕ್ಷಿಗೆ ತಿಳಿದು, ತನ್ನ ನಗುವಿನ ಸದ್ದನ್ನು ಅವಳು ಸೆರಗಿನಿಂದ ಮುಚ್ಚಿಕೊಂಡಿದ್ದಳು.

ಸ್ಟೀಲಿನ ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸಾಬೂನು. ಜಾಲರಿಯನ್ನೂ ಸ್ಪಂಜನ್ನೂ ಮಾತ್ರ ನೀರಿಗೆ ಹಾಕಬೇಕು, ಮೈಕಿನ ಮೈಗೆ ಹನಿ ನೀರೂ ತಾಗಬಾರದು. ಇದೆಲ್ಲ ಅಶ್ಮಿತಾ ಹೇಳಿಕೊಟ್ಟದ್ದು. ಕಾರ್ಯಕ್ರಮ ಮುಗಿಸಿ ಬಂದ ಮರುದಿನ ಅವಳೇ ಮಾಡುತ್ತಿದ್ದಳು, ಊಟದ ಮೇಜಿನ ಮೇಲೆ ಪೇಪರು ಹಾಸಿ, ಮಾಡುತ್ತಾ ಹಿಂದಿನ ದಿನದ ಕಥೆಯನ್ನೆಲ್ಲ ಹೇಳುತ್ತಾ. ಮದುಮಗಳ ಸೋದರಮಾವ ಡ್ಯಾನ್ಸ್ ಮಾಡಿ ಸ್ಟೇಜಿನಿಂದ ಬಿದ್ದದ್ದು, ಮದುಮಗನ ಹೆಸರನ್ನು ತಾನೇ ತಪ್ಪಿ ಅವನ ತಮ್ಮನ ಹೆಸರು ಹೇಳಿದ್ದು. ಅಷ್ಟು ಜೋರು ಮಾತಾಡಬೇಡ ಮಗಾ, ಕೆಳಗಿನ ಮನೆಯ ಹೆಲನ್ ಬಾಯಿಯವರಿಗೆ ಎಲ್ಲ ಕೇಳ್ತದೆ ಎಂದು ನಳಿನಾಕ್ಷಿ ಹೇಳುತ್ತಿದ್ದಳು. ಕೇಳ್ಲಿ ಅಮ್ಮ, ಅವರಿಗೂ ಟೈಂಪಾಸ್ ಬೇಡವಾ ಎಂದು ಮಗಳು ಇನ್ನಷ್ಟು ಜೋರಾಗಿ ಹೇಳುತ್ತಿದ್ದಳು. ಅದೇ ಹೆಲನ್ ಬಾಯಿ ಆಪರೇಷನ್ ಆದಮೇಲೆ ಪ್ರತಿ ಗುರುವಾರ ಬಾಲಯೇಸುವಿನ ಮಂದಿರಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಮೆಟ್ಟಿಲಲ್ಲಿ ಸಿಕ್ಕಿದಾಗ ಕೇಳುವುದಿಲ್ಲ, ಕಣ್ಣಿನಲ್ಲೇ ವಿಚಾರಿಸುತ್ತಾರೆ. ಸೋಮವಾರದಿಂದ ಅವರನ್ನು ತಪ್ಪಿಸಿಕೊಂಡು ಓಡಾಡಬೇಕಾಗಿದೆ.

ಸ್ಪಂಜನ್ನು ಹಿಂಡಿದಾಗ ನೀರು ನಸುಗೆಂಪಾಯಿತು. ಕೊನೆಯ ಕಾರ್ಯಕ್ರಮದಲ್ಲಿ ಅಶ್ಮಿತಾ ಉಟ್ಟಿದ್ದ ಸೀರೆ ಯಾವುದು ಎಂದು ನಳಿನಾಕ್ಷಿ ನೆನಪು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ. ಬಣ್ಣ ಮಾತ್ರ ಇಲ್ಲಿತ್ತು, ಬೋಗುಣಿಯಲ್ಲಿ. ಮತ್ತೊಮ್ಮೆ ಹಿಂಡಿದಳು. ಈಗ ಮೂಗಿಗೆ ಹಿಡಿದರೆ ಸಾಬೂನಿನ ನಿಂಬೆ ವಾಸನೆ, ಅಷ್ಟೇ. ತಾನೇ ಕೈಯಾರೆ ತೊಳೆದುಹಾಕಿದ್ದಳು. ಆ ನೀರನ್ನು ಎಲ್ಲಿಗೆ ಚೆಲ್ಲುವುದು ಎಂದು ತಿಳಿಯದೆ ಬೋಗುಣಿಯನ್ನು ಹಿಡಿದುಕೊಂಡು ಅಡುಗೆಮನೆಯ ನಡುವೆ ನಿಂತಳು. ಗಿಡಕ್ಕೆ ಹಾಕುವಂತಿಲ್ಲ, ಸಾಬೂನು. ಅಷ್ಟರಲ್ಲಿ ಗಂಜಿ ಉಕ್ಕಿತು. ಅವಳು ಕೈಯಲ್ಲಿದ್ದುದನ್ನು ಸಿಂಕಿಗೆ ಸುರಿದು ಒಲೆಯ ಕಡೆಗೆ ಓಡಿದಳು.

ಜಾಲರಿಯನ್ನೂ ಸ್ಪಂಜನ್ನೂ ಬಾಲ್ಕನಿಯ ಬಿಸಿಲಿಗೆ ಬಟ್ಟೆಯ ಮೇಲೆ ಹರಡಿ ಬಂದು ಮೈಕಿನ ಬುಡ ತಿರುಗಿಸಿದಳು. ಬುಡ ಬರಲಿಲ್ಲ. ಸೆರಗಿನಲ್ಲಿ ಹಿಡಿದು ಬಲ ಹಾಕಿ ತಿರುಗಿಸಿದಾಗ ಕರ್ ಎಂದು ಬಿಟ್ಟಿತು. ಒಳಗೆ ಎರಡೂ ಬ್ಯಾಟರಿಗಳು ಕೀವು ಬಂದಂತೆ ಒಸರಿ, ಒಣಗಿ, ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಬಿಳಿ ಕಿಲುಬು ಸ್ಪ್ರಿಂಗಿನ ತುಂಬಾ ಕೂತಿತ್ತು. ಅವಳಿಗೆ ಮಂಚದ ಅಂಚಿನಲ್ಲಿ ಕೂತು ಆಸ್ಪತ್ರೆಯ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ಮಗಳು ಕಂಡಳು. ಅಮ್ಮ, ಮೈಕಿನ ಬ್ಯಾಟರಿ ತೆಗೆದಿಡು, ಇಲ್ಲದಿದ್ದರೆ ಲೀಕ್ ಆಗ್ತದೆ. ಅದು ಅವಳ ಸ್ವರದಲ್ಲಿ ಈ ಮನೆಯೊಳಗೆ ಬಿದ್ದ ಕೊನೆಯ ಮಾತುಗಳಲ್ಲಿ ಒಂದು. ಹೂಂ ಎಂದು ನಳಿನಾಕ್ಷಿ ಮೈಕನ್ನು ಕಪಾಟಿನ ಮೇಲೆ ಇಟ್ಟಿದ್ದಳು, ಬ್ಯಾಟರಿ ತೆಗೆದಿರಲಿಲ್ಲ. ಮರೆತು ಅಲ್ಲ. ಹೊರಡುವವರು ಹೋಗ್ತೇನೆ ಎನ್ನಬಾರದು, ಹೋಗಿ ಬರ್ತೇನೆ ಎನ್ನಬೇಕು. ಹಾಗೆಯೇ ಆಸ್ಪತ್ರೆಗೆ ಹೊರಟ ಹುಡುಗಿಯ ಮೈಕಿನಿಂದ ಬ್ಯಾಟರಿ ತೆಗೆಯಬಾರದು ಎಂದು ಅವಳಿಗೆ ಅನಿಸಿತ್ತು. ಬಂದ ಕೂಡಲೇ ಬೇಕಾಗ್ತದಲ್ಲ. ಆಮೇಲೆ ಕಪಾಟಿನ ಧೂಳು ಹೊಡೆಯುವಾಗಲೆಲ್ಲ ಮೈಕನ್ನು ಎತ್ತಿ, ಅದರ ಭಾರ ನೋಡಿ, ಬ್ಯಾಟರಿ ಉಂಟು ಎಂದು ಸಮಾಧಾನ ಮಾಡಿಕೊಂಡು ವಾಪಸ್ಸು ಇಡುತ್ತಿದ್ದಳು. ಮಗಳಿಗೆ ಸ್ವರ ಬರಲಿ ಎಂದು ಕಾಯ್ದಿಟ್ಟದ್ದು ಒಳಗಿನಿಂದ ಮೈಕನ್ನೇ ತಿನ್ನುತ್ತಿತ್ತು.

ಇಂಥದ್ದಕ್ಕೆ ವಿನಿಗರ್ ಎಂದು ಮೆಲ್ವಿನ್ ಒಮ್ಮೆ ಹೇಳಿದ್ದು ನೆನಪಿತ್ತು. ಹೆಲನ್ ಬಾಯಿ ಯಾವತ್ತೋ ಕೊಟ್ಟ ಬಾಟಲಿಯಲ್ಲಿ ತಳಕ್ಕೆ ಒಂದಿಷ್ಟು ಉಳಿದಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಸ್ಪ್ರಿಂಗಿನ ಒಂದೊಂದು ಸುತ್ತನ್ನೂ ಒರೆಸಿದಳು. ಮಗು ಸಣ್ಣದಿರುವಾಗ ಕಿವಿಯ ಹಿಂದಿನ ಕಜ್ಜಿಗೆ ಔಷಧ ಹಚ್ಚುವಂತೆ, ಉಸಿರು ಬಿಗಿಹಿಡಿದು. ಬುಸ್ಸೆಂದು ಸಣ್ಣ ನೊರೆ ಎದ್ದು ಕಿಲುಬು ಬಿಟ್ಟಿತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದಾಗ ಅಡಿಯಲ್ಲಿ ಲೋಹ ಹೊಳೆಯಿತು. ಪೂರ್ತಿ ಹಾಳಾಗಿಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಹೇಳಿದ್ದು ತನಗೂ ಕೇಳಿಸಲಿಲ್ಲ.

ಹೊಸ ಬ್ಯಾಟರಿ ಹಾಕಿ, ಒಣಗಿದ ಜಾಲರಿ ತಿರುಗಿಸಿ ಕೂರಿಸಿ, ವಯರಿಲ್ಲದ ಆ ಮೈಕಿನ ಸ್ವರ ಹಿಡಿಯುವ ರಿಸೀವರನ್ನೂ ಅಶ್ಮಿತಾ ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಸಣ್ಣ ಸ್ಪೀಕರನ್ನೂ ಹಾಲಿನಲ್ಲಿ ಜೋಡಿಸಿದಳು. ಕೆಂಪು ದೀಪ ಹೊತ್ತಿದರೆ ಮೈಕು ಸಿಕ್ಕಿತು ಅಂತ, ಹಸಿರು ದೀಪ ಮಿನುಗಿದರೆ ಸ್ವರ ಸಿಕ್ಕಿತು ಅಂತ. ಇದೂ ಮಗಳು ಹೇಳಿಕೊಟ್ಟದ್ದು. ಮೈಕಿನ ಸ್ವಿಚ್ ಒತ್ತಿದಳು. ರಿಸೀವರಿನಲ್ಲಿ ಕೆಂಪು ದೀಪ ಹೊತ್ತಿತು. ಅವಳಿಗೆ ಆದ ಸಂತೋಷ ಎಷ್ಟೆಂದರೆ, ಈ ಮೈಕು ಇನ್ನು ಒಂದು ಗಂಟೆಯಲ್ಲಿ ಬೇರೆಯವರದ್ದು ಎಂಬುದೇ ಮರೆತುಹೋಯಿತು. ಮೈಕನ್ನು ಬಾಯಿಯ ಹತ್ತಿರ ತಂದು ಹಲೋ ಎಂದಳು.

ಹಸಿರು ದೀಪ ಹೊತ್ತಲಿಲ್ಲ.

ಸ್ಪೀಕರಿನ ವಾಲ್ಯೂಮ್ ನೋಡಿದಳು, ಇತ್ತು. ರಿಸೀವರಿನ ಎರಡು ಏರಿಯಲ್‌ಗಳನ್ನು ನೆಟ್ಟಗೆ ಮಾಡಿ, ಕತ್ತರಿಯ ಬಾಯಿಯಂತೆ ಅಗಲಿಸಿ, ಹಲೋ ಎಂದಳು. ಇಲ್ಲ. ಟಿವಿಯ ಹತ್ತಿರ ಇದ್ದರೆ ಅಡ್ಡಿ ಬರ್ತದೆ ಎಂದು ಮಗಳು ಹೇಳುತ್ತಿದ್ದಳಲ್ಲ ಎಂದು ರಿಸೀವರನ್ನು ಎತ್ತಿ ಊಟದ ಮೇಜಿಗೆ ತಂದಳು. ಚಾನೆಲ್ ಬದಲಿಸಿದಳು, ಕೆಂಪು ದೀಪವೂ ಆರಿಹೋಗಿ ಗಾಬರಿಯಾಗಿ ಮತ್ತೆ ಹಳೆಯ ಚಾನೆಲ್ಲಿಗೇ ತಂದಳು. ಜಾಲರಿ ಬಿಚ್ಚಿ, ಸ್ಪಂಜು ಸರಿಯಾಗಿ ಒಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿದಳು. ಹಲೋ, ಹಲೋ. ಕೆಂಪು ದೀಪ ಮಿಟುಕಿಸದೆ ನೋಡುತ್ತಿತ್ತು. ಪರದೆಯ ಮೇಲೆ ಅಲುಗದೆ ಇದ್ದ ಆ ಬಿಳಿಯ ಪಟ್ಟಿಯೂ ಹೀಗೆಯೇ ನೋಡುತ್ತಿತ್ತು. ಇದೂ ಹೋಯಿತು. ತಾನು ಬ್ಯಾಟರಿ ತೆಗೆದಿಡಲಿಲ್ಲ, ಒಳಗೆ ಎಲ್ಲಿಯೋ ಒಂದು ನರ ಸತ್ತಿದೆ. ಮೆಲ್ವಿನ್ ಬಂದು, ಪರವಾಗಿಲ್ಲ ಆಂಟಿ, ರಿಪೇರಿ ಮಾಡಿಸ್ತೇನೆ ಎಂದು ಒಳ್ಳೆಯ ಮಾತು ಹೇಳಿ ಒಂದು ಮೂಲೆಗೆ ಎಸೆಯುತ್ತಾನೆ. ಸುರತ್ಕಲ್‌ನ ಹಾಲಿನಲ್ಲಿ ಮಾನ್ಯಾ ಬೇರೆ ಮೈಕು ಹಿಡಿಯುತ್ತಾಳೆ. ಕೊಟ್ಟದ್ದೂ ಕೊಟ್ಟಂತಾಗದು.

ಮೆಲ್ವಿನ್‌ನ ಮುಖ ಎದುರಿಸುವುದೇ ಅವಳಿಗೆ ಕಷ್ಟವಾಗಿತ್ತು, ಹುಡುಗ ಏನೂ ಮಾಡದಿದ್ದರೂ. ಅವನು ಮೊದಲೆಲ್ಲ ಮನೆಗೆ ಫೋನು ಮಾಡಿದರೆ ತಾಯಿಯೋ ಮಗಳೋ ಎಂದು ಗೊತ್ತಾಗುತ್ತಲೇ ಇರಲಿಲ್ಲ. ಒಂದು ಸಲ ಅಶ್ಮಿತಾ ಸ್ನಾನಕ್ಕೆ ಹೋಗಿದ್ದಾಗ ನಳಿನಾಕ್ಷಿ ಫೋನು ಎತ್ತಿ ಹಲೋ ಎಂದದ್ದೇ ತಡ, ಅವನು ಯಾವ ಹಾಡಿಗೆ ಮದುಮಗಳನ್ನು ಒಳಗೆ ಕರೆಯುವುದು, ಲೈಟು ಎಷ್ಟು ಹೊತ್ತು ಆರಿಸುವುದು ಎಂದೆಲ್ಲ ಒಂದೇ ಉಸಿರಿಗೆ ಹೇಳಿ, ಎಂತ ಮಾರಾಯ್ತಿ ಸುಮ್ಮನಿದ್ದೀ, ನಿನ್ನ ಅಮ್ಮ ಬೈದ್ರಾ ಎಂದು ಕೇಳಿದ್ದ. ಹೌದು, ಅಮ್ಮನದ್ದು ಭಾರಿ ಕಿರಿಕಿರಿ ಎಂದು ನಳಿನಾಕ್ಷಿ ಹೇಳಿದ್ದಳು. ಆಮೇಲೆ ಗೊತ್ತಾಗಿ ಅವನು ಒಂದು ವಾರ ಮನೆಯ ಕಡೆಗೆ ತಲೆ ಹಾಕಿರಲಿಲ್ಲ. ಕುವೈತಿನಲ್ಲಿರುವ ಗಂಡನಿಗೂ ಅದೇ ಕಥೆ. ಮಗಾ ಎಂದು ಶುರು ಮಾಡಿ ನಡುವೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಈಗ ಅವರು ಶುಕ್ರವಾರ ಫೋನು ಮಾಡಿದರೆ ತಪ್ಪಾಗುವುದಿಲ್ಲ. ಅಶ್ಮಿತಾ ಕ್ಯಾಮರಾಕ್ಕೆ ಕೈ ಬೀಸುತ್ತಾಳೆ, ನಳಿನಾಕ್ಷಿ ಮಾತಾಡುತ್ತಾಳೆ. ನಿನ್ನದು ಎಂತದೂ ಕೇಳ್ತಾ ಇಲ್ಲ, ನೆಟ್ ಸರಿ ಇಲ್ಲವಾ ಎಂದು ಅವರು ಪ್ರತಿ ವಾರವೂ ಕೇಳುತ್ತಾರೆ. ಅವಳು ಮೊಬೈಲು ಹಿಡಿದು ಬಾಲ್ಕನಿಗೆ ಹೋಗುತ್ತಾಳೆ, ಕಿಟಕಿಯ ಹತ್ತಿರ ಹೋಗುತ್ತಾಳೆ. ನೆಟ್ ಇವತ್ತೂ ಸರಿ ಇಲ್ಲ ಎನ್ನುತ್ತಾಳೆ.

ಹಲೋ, ಎಂದಳು ಮತ್ತೆ, ಬಾಯಿಯನ್ನು ಜಾಲರಿಗೆ ತಾಗಿಸಿ.

ಕೋಣೆಯ ಬಾಗಿಲಲ್ಲಿ ಅಶ್ಮಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೂದಲು ಎತ್ತಿ ಕಟ್ಟಿದ್ದರಿಂದ ಕುತ್ತಿಗೆಯ ಅಡ್ಡಗೆರೆ ಕಾಣುತ್ತಿತ್ತು, ಕರಿಮಣಿ ಒತ್ತಿ ಮೂಡಿದ ಗುರುತಿನಂತೆ ತೆಳ್ಳಗೆ. ಹೊರಗೆ ಹೋಗುವಾಗ ಅವಳು ಅದನ್ನು ದುಪಟ್ಟಾದಲ್ಲಿ ಮುಚ್ಚುತ್ತಾಳೆ. ಬಂದು ತಾಯಿಯ ಕೈಯಿಂದ ಮೈಕು ತೆಗೆದುಕೊಂಡಳು. ಬ್ಯಾಟರಿ ತೆಗೆದಿಡಲಿಲ್ಲ ಮಗಾ, ಹಾಳಾಯಿತು ಎಂದು ನಳಿನಾಕ್ಷಿ ಹೇಳಲು ಹೊರಟಳು. ಅಷ್ಟರಲ್ಲಿ ಅಶ್ಮಿತಾ ಉಗುರಿನಿಂದ ಜಾಲರಿಯ ಮೇಲೆ ಟುಕ್ ಟುಕ್ ಎಂದು ಬಡಿದಳು. ಸ್ಪೀಕರಿನಿಂದ ಬಾಗಿಲು ತಟ್ಟಿದಂತೆ ಸದ್ದು ಬಂತು. ಹಸಿರು ದೀಪ ಎರಡು ಸಲ ಹೊತ್ತಿ ಆರಿತು.

ಮೈಕಿಗೆ ಏನೂ ಆಗಿರಲಿಲ್ಲ.

ಅಶ್ಮಿತಾ ತಾಯಿಯ ಮುಖವನ್ನು ನೋಡಿದಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ಹೀಗೆ ನೆಟ್ಟಗೆ ನೋಡಿದ್ದು ಅದೇ ಮೊದಲಿರಬೇಕು. ಉಸಿರಿನಲ್ಲಿ, ಒಂದೊಂದು ಶಬ್ದಕ್ಕೂ ಗಾಳಿ ಕೂಡಿಸಿಕೊಳ್ಳುತ್ತಾ ಕೇಳಿದಳು:

"ಅಮ್ಮ, ನೀನು ಯಾಕೆ ಪಿಸುಗುಡ್ತೀ? ನಿನಗೆ ಎಂತ ಆಗಿದೆ?"

ನಳಿನಾಕ್ಷಿ ಇಲ್ಲವಲ್ಲ ಎಂದಳು. ಎಂದದ್ದು ಗಾಳಿಯಾಗಿಯೇ ಹೊರಬಂತು. ಆಗ ಅವಳಿಗೆ ತಿಳಿಯಿತು. ಮೀನಿನವಳನ್ನು ನೋಡಿ ನಕ್ಕಿದ್ದಳು, ಡಾಕ್ಟರನ್ನು ನೋಡಿ ಮರುಗಿದ್ದಳು. ಮನೆಯೊಳಗೆ ತಾನೇ ಯಾವಾಗ ಸ್ವರ ಬಿಟ್ಟೆ ಎಂಬುದು ನೆನಪಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವಳು ಎಚ್ಚರಾಗಬಾರದೆಂದು ಸಣ್ಣಗೆ ಮಾತಾಡಿದ್ದು, ಅಲ್ಲಿಂದ ಹಾಗೆಯೇ ಮನೆಗೆ ಬಂದುಬಿಟ್ಟಿತ್ತು. ಮಗಳ ಜೋರು ಸ್ವರಕ್ಕೆ ಹೊಂದಿಸಿಟ್ಟ ಮೈಕಿಗೆ ಅದು ಸಾಲದೆ ಹೋಗಿತ್ತು. ಕುವೈತಿನ ನೆಟ್ಟೂ ಪಾಪ ಸರಿಯೇ ಇತ್ತು. ಬರೀ ಅಭ್ಯಾಸದಿಂದ ಹಾಗಾದದ್ದೂ ಅಲ್ಲ. ಈ ಗಂಟಲಿನಲ್ಲಿ ಇರುವುದು ಯಾರ ಸ್ವರ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಮಗಳ ಎದುರು ತೆಗೆಯುವುದು, ಹಸಿದವರ ಎದುರು ಕೂತು ಉಣ್ಣುವ ಹಾಗೆ ಆಗಿತ್ತು. ಅದಕ್ಕೇ ಮುಚ್ಚಿಟ್ಟಿದ್ದಳು, ಕಪಾಟಿನ ಮೇಲೆ, ಬ್ಯಾಟರಿ ಸಮೇತ.

ಅಶ್ಮಿತಾ ಮೈಕನ್ನು ತಾಯಿಯ ಕೈಗೆ ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿ, ಗದ್ದಕ್ಕೆ ಸ್ವಲ್ಪ ಕೆಳಗೆ ಎಲ್ಲಿ ಹಿಡಿಯಬೇಕೋ ಅಲ್ಲಿಗೆ ಎತ್ತಿ ನಿಲ್ಲಿಸಿದಳು. ಜೋರು ಹೇಳು ಎಂದು ತುಟಿಯಲ್ಲಿ ಹೇಳಿದಳು. ಎಂತ ಹೇಳುವುದು ಎಂದು ತಾಯಿ ಕೇಳಿದರೆ, ಸ್ಟೇಜಿನಲ್ಲಿ ನಾನು ಹೇಳ್ತಿದ್ದದ್ದು ಎಂದಳು. ಬೇಡ ಮಗಾ ಎಂದಳು ನಳಿನಾಕ್ಷಿ. ಅಶ್ಮಿತಾ ಕೇಳಲಿಲ್ಲ. ಹಿಂದೆ ಸರಿಯುತ್ತಾ ಹೋಗಿ, ಹಾಲಿನ ಆ ತುದಿಯ ಗೋಡೆಗೆ ಬೆನ್ನು ಒರಗಿಸಿ ನೆಲದ ಮೇಲೆ ಕೂತಳು. ಯಾವ ಮದುವೆಗೆ ಹೋದರೂ ನಳಿನಾಕ್ಷಿ ಕೂರುತ್ತಿದ್ದದ್ದು ಹಾಗೆಯೇ, ಕೊನೆಯ ಸಾಲಿನಲ್ಲಿ, ಐಸ್‌ಕ್ರೀಮಿನ ಕೌಂಟರಿನ ಪಕ್ಕ, ಯಾರಿಗೂ ತಾನು ಯಾರೆಂದು ತಿಳಿಯದ ಹಾಗೆ.

ಅವಳು ಗಂಟಲು ಸರಿಮಾಡಿಕೊಂಡಳು. ಹಸಿರು ದೀಪ ಮಿನುಗಿತು.

"ಮಾತೆರೆಗ್‌ಲಾ ಸೊಲ್ಮೆಲು," ಎಂದಳು, ಎಲ್ಲರಿಗೂ ನಮಸ್ಕಾರ ಎಂದು ಅಶ್ಮಿತಾ ತುಳುವಿನಲ್ಲಿ ಶುರು ಮಾಡುತ್ತಿದ್ದ ಹಾಗೆಯೇ. ಮೊದಲ ಶಬ್ದ ಕಿಲುಬು ಹಿಡಿದ ಮೈಕಿನ ಬುಡದಂತೆ ಕರ್ ಎಂದಿತು. ಎರಡನೆಯದು ಸಲೀಸಾಗಿ ಬಿಟ್ಟುಕೊಂಡಿತು. ಸ್ಪೀಕರಿನಿಂದ ಹೊರಟ ಸ್ವರ ಹಾಲಿನ ಗೋಡೆಗಳಿಗೆ ತಾಗಿ, ಅಡುಗೆಮನೆಯ ಪಾತ್ರೆಗಳಿಗೆ ತಾಗಿ, ಬಾಲ್ಕನಿಯಿಂದ ಹೊರಗೆ ಹೋಯಿತು. ಅದು ತನ್ನದಲ್ಲ. ನಿಲ್ಲಿಸಬೇಕು ಎಂದುಕೊಂಡಳು, ಗೋಡೆಯ ಹತ್ತಿರ ಕೂತವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ನಿಲ್ಲಿಸಲಾಗಲಿಲ್ಲ. ಅಶ್ಮಿತಾ ಮುಂದಿನ ಮಾತಿಗೆ ಎಷ್ಟು ಬಿಡುವು ಕೊಡುತ್ತಿದ್ದಳೋ ಅಷ್ಟೇ ಬಿಡುವು ತನ್ನಷ್ಟಕ್ಕೆ ಬಂತು. ಅದಾದ ಮೇಲೆ ಅವಳು ಕೇಳಿದಳು:

"ಹಿಂದೆ ಕೂತವರಿಗೆ ಕೇಳ್ತಾ ಉಂಟಾ?"

ಅಶ್ಮಿತಾ ಕಣ್ಣು ತೆರೆಯದೆ ಕೈ ಎತ್ತಿದಳು.

ಮೆಟ್ಟಿಲಲ್ಲಿ ಯಾರೋ ಎರಡೆರಡು ಮೆಟ್ಟಿಲು ಹಾರಿ ಓಡಿಬರುವ ಸದ್ದು ಕೇಳಿತು. ಅರ್ಧ ತೆರೆದಿದ್ದ ಬಾಗಿಲನ್ನು ದೂಡಿಕೊಂಡು ಮೆಲ್ವಿನ್ ಒಳಗೆ ಬಂದ. ಹೆಲ್ಮೆಟ್ ಇನ್ನೂ ತಲೆಯ ಮೇಲೆಯೇ ಇತ್ತು, ಅದರೊಳಗೆ ಅವನ ಮುಖ ಬೆವರಿ, ಬೆಳಗಿ, ಮಗುವಿನ ಮುಖದ ಹಾಗಿತ್ತು.

"ಅಶ್ಮಿ, ಸ್ವರ ಬಂತಾ ಮಾರಾಯ್ತಿ?" ಎಂದ. "ಕೆಳಗೆ ಹೆಲನ್ ಬಾಯಿ ಅಳ್ತಾ ಇದ್ದಾರೆ."

ಅವನು ಮೊದಲು ನೆಲದ ಮೇಲೆ ಕೈ ಎತ್ತಿ ಕೂತವಳನ್ನು ನೋಡಿದ. ನಂತರ ಮೈಕು ಯಾರ ಕೈಯಲ್ಲಿದೆ ಎಂದು ನೋಡಿದ. ನಳಿನಾಕ್ಷಿಗೆ ಮೈಕನ್ನು ಕೆಳಗಿಳಿಸಬೇಕು ಎಂದು ಹೊಳೆಯಲಿಲ್ಲ.

"ಅಲ್ಲ ಮೆಲ್ವಿನ್," ಎಂದಳು. "ಅದು ನಾನು."

ಅದೂ ಸ್ಪೀಕರಿನಿಂದಲೇ ಬಂತು, ದೊಡ್ಡದಾಗಿ, ಸ್ಪಷ್ಟವಾಗಿ, ಅಶ್ಮಿತಾಳ ಸ್ವರದಲ್ಲಿ. ಕೆಳಗಿನವರೆಗೂ ಕೇಳಿಸಿರಬೇಕು. ಮೆಲ್ವಿನ್ ಹೆಲ್ಮೆಟ್ ತೆಗೆದು ಎದೆಗೆ ಒತ್ತಿ ಹಿಡಿದುಕೊಂಡ. ಸಾರಿ ಆಂಟಿ ಎಂದನೋ ಏನೋ, ಅದು ಪಿಸುದನಿಯಲ್ಲಿತ್ತು.

ಅಶ್ಮಿತಾ ಎತ್ತಿದ ಕೈಯನ್ನು ಇಳಿಸಿ, ನೆಲಕ್ಕೆ ಊರಿ ಎದ್ದಳು. ಬಂದು ತಾಯಿಯ ಕೈಯಲ್ಲಿದ್ದ ಮೈಕಿನ ಸ್ವಿಚ್ಚನ್ನು ಆರಿಸಿದಳು. ಕೆಂಪು ದೀಪವೂ ಹೋಯಿತು. ಬುಡ ತಿರುಗಿಸಿ ಎರಡು ಬ್ಯಾಟರಿಗಳನ್ನು ಅಂಗೈಗೆ ಉದುರಿಸಿ ಅವನ್ನು ತಾಯಿಯ ಅಂಗೈಗೆ ಹಾಕಿದಳು. ಮೈಕನ್ನು, ರಿಸೀವರನ್ನು, ಸುತ್ತಿದ ವಯರುಗಳನ್ನು ಪೆಟ್ಟಿಗೆಯ ಫೋಮಿನ ಕುಣಿಗಳಲ್ಲಿ ಒಂದೊಂದಾಗಿ ಮಲಗಿಸಿ, ಮುಚ್ಚಿ, ಎರಡೂ ಚಿಲಕ ಹಾಕಿ ಮೆಲ್ವಿನ್‌ನ ಕಾಲ ಬಳಿ ಇಟ್ಟಳು. ಮಾನ್ಯಾ ಮೈಕನ್ನು ಬಾಯಿಗೆ ತಾಗಿಸಿ ಹಿಡಿಯುತ್ತಾಳೆ, ಸ್ವಲ್ಪ ದೂರ ಹಿಡಿಯಲಿಕ್ಕೆ ಹೇಳು ಎಂದು ಕೈಸನ್ನೆಯಲ್ಲಿ ಅವನಿಗೆ ತೋರಿಸಿದಳು. ಅವನು ತಲೆಯಾಡಿಸಿದ. ಮಾತಾಡಿದರೆ ಯಾವ ಸ್ವರ ಬರುತ್ತದೆಯೋ ಎಂಬ ಭಯದಲ್ಲಿ ಇದ್ದಂತಿತ್ತು.

ನಳಿನಾಕ್ಷಿ ಬ್ಯಾಟರಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಗಂಜಿ ಬೆಂದು, ಆರಿ, ಕೆನೆ ಕಟ್ಟಿತ್ತು. ಮೂರು ಬಟ್ಟಲು ತೆಗೆದಳು. ಊಟ ಮಾಡಿ ಹೋಗು ಮಗಾ ಎಂದು ಮೆಲ್ವಿನ್‌ಗೆ ಹೇಳಲು ಹೊರಟು, ಗಂಟಲಲ್ಲಿ ಅದು ಗಾಳಿಯಾಗುವುದು ಅವಳಿಗೆ ತಿಳಿಯಿತು. ಬಾಗಿಲಿನ ಕಡೆಗೆ ತಿರುಗಿ ನೋಡಿದಳು. ಹಾಲಿನಲ್ಲಿ ಅಶ್ಮಿತಾ ಗೋಡೆಯ ಹತ್ತಿರಕ್ಕೆ ಮರಳಿ ಹೋಗಿದ್ದಳು, ಇನ್ನೂ ಏನೋ ಕೇಳಲು ಕಾಯುವವಳಂತೆ.

"ಊಟ ಮಾಡಿ ಹೋಗು ಮೆಲ್ವಿನ್," ಎಂದು ನಳಿನಾಕ್ಷಿ ಅಲ್ಲಿಂದಲೇ ಕೂಗಿ ಹೇಳಿದಳು.